ಮೊದಲು ಫೋಟೋ, ಆಮೇಲೆ ಕಸಬರಿಗೆ



2019ರ ಆಗಸ್ಟಿನಲ್ಲಿ ಘಟಪ್ರಭಾ ಹೊಳಿ ಉಕ್ಕಿ ಗೋಕಾಕದ ಮನೆಗಳಿಗೆ ನೀರು ಹೊಕ್ಕಿತು. ನೀರು ಇಳಿದ ಮ್ಯಾಲೆ ಕೆಸರು ಬಳಿದುಬಿಟ್ಟರೆ ಹಾನಿಯ ಗುರುತು ಉಳಿಯುವುದಿಲ್ಲ. ಆದ್ದರಿಂದ ಮೊಬೈಲಿನಲ್ಲಿ ಫೋಟೋ ತೆಗೆಯಲು ಕಲಿಯೋಣ.

1. ಕ್ಯಾಮೆರಾದ ಗಾಜು ಒರೆಸೋಣ. ಎಣ್ಣೆಗೈ ತಾಗಿದ್ದರೆ ಚಿತ್ರ ಮಸುಕಾಗುತ್ತದೆ.
2. ಬೆಳಕು ನಮ್ಮ ಬೆನ್ನಿಗಿರಲಿ.
3. ಮೊಳಕೈ ಪಕ್ಕೆಗೆ ಒತ್ತಿ ಹಿಡಿದರೆ ಫೋನು ಅಲುಗುವುದಿಲ್ಲ.
4. ಬೆರಳಿನಿಂದ ಹಿಗ್ಗಿಸಿದರೆ ಚಿತ್ರ ಒಡೆಯುತ್ತದೆ. ಎರಡು ಹೆಜ್ಜೆ ಮುಂದೆ ಹೋಗೋಣ. ಬಿರುಕು ಬಿಟ್ಟ ಗೋಡೆಯಿದ್ದರೆ ಮಾತ್ರ ದೂರ ನಿಲ್ರಿ.
5. ಮೂರು ಫೋಟೋ ಬೇಕು: ಇಡೀ ಮನೆ, ಹಾಳಾದ ಭಾಗ, ನೀರು ನಿಂತ ಗೆರೆ. ಗೆರೆಯ ಪಕ್ಕ ಅಳತೆಗೆ ಒಂದು ಕೊಡ ಇಡೋಣ.

ವಾಟ್ಸಾಪಿನಲ್ಲಿ ಕಳಿಸಿದರೂ ಮೂಲ ಫೋಟೋ ಅಳಿಸಬ್ಯಾಡ್ರಿ. ತೆಗೆದ ದಿನ, ಸಮಯ ಅದರಲ್ಲೇ ಇರುತ್ತವೆ.

ಸಭೆಯಲ್ಲಿ ಮಾಡೋಣ: ಮಮದಾಪುರದ ಸಂಘದವರೆಲ್ಲ ಒಂದು ಗೋಡೆಯ ಫೋಟೋ ತೆಗೆಯೋಣ. ಫೋನಿಲ್ಲದ ಅಕ್ಕನ ಕೈಗೇ ಮೊದಲು ಫೋನು ಕೊಡೋಣ.