ದಂಡ ಕಟ್ಟಿದರೂ ಅಂಕ ಉಳಿಯುತ್ತದೆ

ಹೋಟೆಲ್ ಮಾಲೀಕ ಬಂಧುಗಳೇ,

ಊಟ ಸಾಗಿಸುವ ವ್ಯಾನಿಗೆ ಚಲನ್ ಬಂದರೆ ಗಲ್ಲಾದಿಂದ ಹಣ ಕೊಟ್ಟು ಮರೆತುಬಿಡುತ್ತೇವೆ. ಆದರೆ ಚಾಲಕನ ಲೈಸನ್ಸಿನ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ.

ಹೈದರಾಬಾದಿನ ಉದಾಹರಣೆ ನೋಡಿ. 2017ರ ಆಗಸ್ಟ್ 1ರಂದು ಅಲ್ಲಿ ಜಾರಿಗೆ ಬಂದ ದಂಡಾಂಕ ಪದ್ಧತಿಯಲ್ಲಿ ಹೆಲ್ಮೆಟ್ ಇಲ್ಲದಿದ್ದರೆ 1 ಅಂಕ, ಕುಡಿದು ಬೈಕ್ ಓಡಿಸಿದರೆ 3 ಎಂದು ನಿಗದಿಯಾಗಿತ್ತು. ದಂಡ ಕಟ್ಟಿದ ಮಾತ್ರಕ್ಕೆ ಅಂಕ ಅಳಿಯುತ್ತಿರಲಿಲ್ಲ. 24 ತಿಂಗಳು ಲೆಕ್ಕದಲ್ಲಿರುತ್ತಿತ್ತು. ಅಷ್ಟರೊಳಗೆ 12 ತುಂಬಿದರೆ ಲೈಸನ್ಸ್ ಒಂದು ವರ್ಷ ಅಮಾನತು.

ಅಂಕ ಪದ್ಧತಿ ಇಲ್ಲದ ಊರಿನವರೂ ನಿಶ್ಚಿಂತರಾಗಿರುವಂತಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯಿದೆಯ ತಿದ್ದುಪಡಿ, ಹೆಲ್ಮೆಟ್ ಧರಿಸದವನಿಗೆ 1,000 ರೂಪಾಯಿ ದಂಡದ ಜೊತೆಗೆ 3 ತಿಂಗಳು ಲೈಸನ್ಸ್ ಅನರ್ಹತೆಯನ್ನೂ ವಿಧಿಸಿತು. ಆ ಅವಧಿಯಲ್ಲಿ ಅವನ ಕೈಗೆ ಗಾಡಿಯ ಕೀಲಿ ಕೊಟ್ಟರೆ ಮಾಲೀಕರೂ ತಪ್ಪಿತಸ್ಥರು. ಅಪಘಾತವಾದರೆ ವಿಮಾ ಕಂಪನಿ ತಕರಾರು ಎತ್ತಬಹುದು. ಹುಡುಗನ ದುಡಿಮೆಯೂ ನಿಲ್ಲುತ್ತದೆ.

ಹಾಗಾಗಿ ಸಂಬಳದ ದಿನ ಚಾಲಕರ, ಪಾರ್ಸೆಲ್ ಹುಡುಗರ ಲೈಸನ್ಸ್ ನಂಬರು, ಜನ್ಮ ದಿನಾಂಕ ಪಡೆದು ಪರಿವಾಹನ್ ಜಾಲತಾಣದಲ್ಲಿ ಪರಿಶೀಲಿಸಿ. ಪಾರ್ಸೆಲ್ ಹತ್ತು ನಿಮಿಷ ತಡವಾದರೂ ಚಿಂತೆಯಿಲ್ಲ, ಸಿಗ್ನಲ್ ಹಾರಬೇಡ ಎಂದು ಹುಡುಗರಿಗೆ ನೀವೇ ಹೇಳಿ. ಮಾಲೀಕರ ಮಾತಿಗೆ ಬೆಲೆಯಿದೆ.