ನುಡಿ ಇರುವವರೆಗೆ ವಿಂಡೋಸೂ ಇರಲಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ಡಿಟಿಪಿ ಅಂಗಡಿಗಳಿಗೆ ಹೋಗಿ ಒಂದೇ ಕಂಪ್ಯೂಟರಿಗೆ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಡುವ ಕೆಲಸ ನನಗೆ ಹೇಗೋ ಅಂಟಿಕೊಂಡಿದೆ. ಬೇರೆಡೆ ಇದು ಕುತೂಹಲದ ಆಟ ಇರಬಹುದು. ನಮ್ಮಲ್ಲಿ ಮದುವೆ ಕಾಗದ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ ಎಲ್ಲವೂ ಪೇಜ್‌ಮೇಕರಿನಲ್ಲಿ, ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕೂತಿವೆ. ಆ ಪೇಜ್‌ಮೇಕರಿಗೋ 2001ರ ಏಳನೇ ಆವೃತ್ತಿಯೇ ಕೊನೆ. ಹಾಗಾಗಿ ವಿಂಡೋಸ್ ಬಿಡುವಂತಿಲ್ಲ. ಗಿರಾಕಿಗಳ ಪೆನ್‌ಡ್ರೈವಿನ ವೈರಸ್ಸಿಗೆ ಅದನ್ನು ಒಡ್ಡುವಂತೆಯೂ ಇಲ್ಲ, ಅದಕ್ಕೇ ಜೊತೆಗೆ ಲಿನಕ್ಸ್.

ಮಳೆಗಾಲದಲ್ಲಿ ನಾನು ಪಾರ್ಟಿಶನ್ ಮುಟ್ಟುವುದಿಲ್ಲ. ಲಿನಕ್ಸಿಗಾಗಿ ವಿಂಡೋಸಿನ ಜಾಗ ಕುಗ್ಗಿಸುವಾಗ ಫೈಲುಗಳು ಡಿಸ್ಕಿನಲ್ಲಿ ಅತ್ತಿಂದಿತ್ತ ಸಾಗುತ್ತಿರುತ್ತವೆ, ಆಗ ಕರೆಂಟ್ ಹೋದರೆ ಏನು ಉಳಿದೀತೆಂದು ಹೇಳಲಾಗದು. ಆಗುಂಬೆ ಕಡೆ ಗಾಳಿ ಎದ್ದರೆ ಯುಪಿಎಸ್ಸನ್ನೂ ನಂಬುವುದಿಲ್ಲ. ಹೊಸ ಲ್ಯಾಪ್‌ಟಾಪ್ ಆದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ 48 ಅಂಕಿಯ ಕೀಲಿಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

ಹಾಕಿಯಾದ ಮೇಲೆ ಬರುವ ದೂರುಗಳಲ್ಲಿ ಮೊದಲನೆಯದು ಗಡಿಯಾರದ್ದು. ಹೊಸನಗರದ ಅಂಗಡಿಯೊಂದರಲ್ಲಿ ಬೆಳಿಗ್ಗೆ ಹತ್ತಕ್ಕೆ ವಿಂಡೋಸ್ ತೆರೆದರೆ ನಾಲ್ಕೂವರೆ ತೋರಿಸುತ್ತಿತ್ತು. ಬ್ಯಾಟರಿ ಬದಲಿಸಿದರು, ಸರಿಹೋಗಲಿಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಐದೂವರೆ ಗಂಟೆ ಹೋದದ್ದು ಹಾಗೆ. ನೆಟ್‌ವರ್ಕ್ ಇರುವಲ್ಲಿ ತಾನೇ ತಿದ್ದಿಕೊಳ್ಳುತ್ತದೆ. ಇಲ್ಲದ ಕಡೆ ಸ್ಥಳೀಯ ಸಮಯವನ್ನೇ ಇಟ್ಟುಕೊಳ್ಳುವಂತೆ ಲಿನಕ್ಸಿಗೆ ಒಂದು ಸಾಲಿನ ಆದೇಶ ಕೊಟ್ಟರೆ ಮುಗಿಯಿತು.

ಎರಡನೆಯದು, ಲಿನಕ್ಸಿನಲ್ಲಿ ಡಿ ಡ್ರೈವ್ ತೆರೆಯುತ್ತದೆ, ಸೇವ್ ಆಗುವುದಿಲ್ಲ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಕಂಪ್ಯೂಟರನ್ನು ಪೂರ್ತಿ ಆರಿಸದೆ ಅರ್ಧ ಮಲಗಿಸಿರುತ್ತದೆ, ಹಾಗಾಗಿ ಲಿನಕ್ಸ್ ಆ ಡ್ರೈವಿನಲ್ಲಿ ಬರೆಯಲು ಹೋಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕದೆ ನಾನು ಅಂಗಡಿಯಿಂದ ಹೊರಡುವುದಿಲ್ಲ.

ಆದರೆ ಹೆಚ್ಚು ಹೊತ್ತು ಹಿಡಿಯುವುದು ಕನ್ನಡಕ್ಕೇ. “ಇದೆಂಥ ಮಾರಾಯ್ರೆ, ಅಕ್ಷರ ಎಲ್ಲ ಚಿತ್ರ ಆಗಿದೆ!” ಎಂದು ಸಾಗರದಿಂದ ಫೋನ್ ಬಂದರೆ ಫೈಲ್ ಕೆಟ್ಟಿಲ್ಲವೆಂದು ಧೈರ್ಯ ಹೇಳುತ್ತೇನೆ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಬರುತ್ತದೆ. ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ. ಆಮೇಲೂ ಒತ್ತಕ್ಷರ, ಅರ್ಕಾವೊತ್ತುಗಳ ಮೇಲೆ ಕಣ್ಣಾಡಿಸಬೇಕು, ಮದುವೆ ಕಾಗದದಲ್ಲಿ ಬೀಗರ ಹೆಸರು ತಪ್ಪಿದರೆ ಯಾರೂ ತಂತ್ರಾಂಶವನ್ನು ಬೈಯುವುದಿಲ್ಲ. ಟೈಪಿಂಗ್ ಮಾತ್ರ ಸಲೀಸು. ಕೆ.ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿಯಿಂದ ಎಲ್ಲರ ಬೆರಳಿಗೆ ಬಂದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಮೇಲೆ ಕರೆಗಳು ಹೆಚ್ಚಿವೆ, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಎಷ್ಟೋ ಹಳೆ ಕಂಪ್ಯೂಟರುಗಳಲ್ಲಿಲ್ಲ. ತೀರ್ಥಹಳ್ಳಿಯ ಅಂಗಡಿಯೊಂದರಲ್ಲಿ ವಿಂಡೋಸಿನ ಇಂಟರ್‌ನೆಟ್ಟನ್ನೇ ಕಡಿದಿಟ್ಟೆ: ಪುಟ ಜೋಡಿಸುವುದು ಅಲ್ಲಿ, ಪಿಡಿಎಫ್ ಮಾಡಿ ಡಿ ಡ್ರೈವಿಗೆ ಹಾಕಿ, ಮೇಲ್ ಕಳಿಸುವುದು ಲಿನಕ್ಸಿನಿಂದ. ಗಂಟೆಗೊಮ್ಮೆ ರೀಸ್ಟಾರ್ಟ್ ಮಾಡಬೇಕಾಗುವಷ್ಟು ಕೆಲಸ ಇರುವವರಿಗೆ ಇದು ಹೊಂದದು. ಅಂಥವರು ಇನ್ನೊಂದು ಹಳೆಯ ಕಂಪ್ಯೂಟರನ್ನು ತಂದು ಪಕ್ಕದಲ್ಲಿಟ್ಟುಕೊಳ್ಳುವುದೇ ಲೇಸು.