ಫಿಟ್ಟರ್ ಎಲ್ಲಿಂದ ಬರಬೇಕು? ಜನಪ್ರತಿನಿಧಿಗಳ ಆದ್ಯತೆ ಮತ್ತು ಉದ್ಯಮಿಯ ಪಾಲು

ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದಲ್ಲಿರುವ ದೇವಲ ಗಾಣಗಾಪುರವು ದತ್ತಕ್ಷೇತ್ರವೆಂದು ಕರ್ನಾಟಕ ಹಾಗೂ ಮಹಾರಾಷ್ಟ್ರದ ಭಕ್ತರಿಗೆ ಸುಪರಿಚಿತವಾಗಿದೆ. ವ್ಯಾಪಾರೋದ್ಯಮದ ದೃಷ್ಟಿಯಿಂದ ನೋಡಿದಲ್ಲಿ ಅದರ ಸುತ್ತಲಿನ ಚಿತ್ರ ಬೇರೆಯೇ ಆಗಿದೆ. ನದಿಯ ದಂಡೆಯುದ್ದಕ್ಕೂ ಪಂಪ್‌ಸೆಟ್ಟುಗಳು, ಅದೇ ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಹಾಗೂ ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳು, ಜಿಲ್ಲಾ ಕೇಂದ್ರದಲ್ಲಿ ತೊಗರಿಯ ದಾಲ್‌ಮಿಲ್ಲುಗಳು. ಇವೆಲ್ಲವೂ ಫಿಟ್ಟರ್, ಎಲೆಕ್ಟ್ರಿಷಿಯನ್ ಮತ್ತು ವೆಲ್ಡರ್‌ಗಳ ಕೈಯಲ್ಲಿ ನಡೆಯುವ ಉದ್ಯಮಗಳು. ಹಂಗಾಮಿನ ನಡುವೆ ಮಿಲ್ಲಿನ ಎಲಿವೇಟರಿನ ಬೇರಿಂಗ್ ಕೈಕೊಟ್ಟರೆ, ರಿಪೇರಿಗೆ ಬಲ್ಲ ಮನುಷ್ಯ ಸಿಗುವವರೆಗೆ ಮಾಲು ಗೋದಾಮಿನಲ್ಲಿ, ಕೂಲಿಯವರು ನೆರಳಿನಲ್ಲಿ. ಇತ್ತ ಇದೇ ತಾಲ್ಲೂಕುಗಳ ತರುಣರು ಕಟ್ಟಡ ಕೆಲಸಕ್ಕೆಂದು ಪುಣೆ, ಮುಂಬಯಿ, ಬೆಂಗಳೂರುಗಳ ರೈಲು ಹತ್ತುತ್ತಾರೆ. ಈ ಎರಡು ಸಂಗತಿಗಳು ಏಕಕಾಲದಲ್ಲಿ ನಿಜವಾಗಿರುವುದು ಹೇಗೆಂಬುದೇ ಇಲ್ಲಿಯ ಅಧ್ಯಯನದ ವಿಷಯ.

ಉತ್ತರದ ಮೊದಲ ಭಾಗ ಶಾಲೆಯಲ್ಲಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರಷ್ಟಿದ್ದರೆ ಗುಲಬರ್ಗಾ ಜಿಲ್ಲೆಯದು ಸುಮಾರು ಶೇ. 65. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12 ಫಲಿತಾಂಶದೊಡನೆ ಪ್ರಥಮ ಸ್ಥಾನ ಪಡೆಯಿತು, ಕಲಬುರಗಿ ಶೇ. 42.43ರೊಡನೆ ಕೊನೆಯ ಸ್ಥಾನದಲ್ಲಿ ನಿಂತಿತು. ಈ ಅಂಕಿಯನ್ನು ಶಿಕ್ಷಣ ಇಲಾಖೆಯ ಚಿಂತೆಯೆಂದು ವ್ಯಾಪಾರಿಗಳು ಬದಿಗಿಡುವಂತಿಲ್ಲ. ಏಕೆಂದರೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐ.ಟಿ.ಐ.ಗಳಲ್ಲಿ, ಎರಡು ವರ್ಷಗಳ ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ವೃತ್ತಿಗಳ ಪ್ರವೇಶಕ್ಕೆ ಹತ್ತನೆಯ ತರಗತಿಯ ತೇರ್ಗಡೆ ಬೇಕು. ವೆಲ್ಡರ್, ವೈರ್‌ಮನ್‌ನಂತಹ ಕೆಲವು ವೃತ್ತಿಗಳಿಗೆ ಮಾತ್ರ ಎಂಟನೆಯ ತರಗತಿ ಸಾಕು. ಗಣಿತದಲ್ಲಿ ಹಿಂದೆ ಬಿದ್ದ ಬಾಲಕನೊಬ್ಬ ಮುಂದಿನ ಪೂರಕ ಅವಕಾಶಗಳಲ್ಲಿಯೂ ಪಾರಾಗದಿದ್ದರೆ, ಮಿಲ್ಲಿಗೆ ಬೇಕಾದ ಫಿಟ್ಟರ್ ಅಷ್ಟರ ಮಟ್ಟಿಗೆ ಕಡಿಮೆಯಾದಂತೆಯೇ ಸರಿ.

ಈ ಹಿಂದುಳಿದಿರುವಿಕೆ ಹೊಸ ಶೋಧವೇನಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿತು. ಆ 39ರಲ್ಲಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. 2004ರಿಂದ 2006ರವರೆಗೆ ಮುಖ್ಯಮಂತ್ರಿಯಾಗಿದ್ದ ಎನ್. ಧರ್ಮಸಿಂಗ್ ಅವರ ಕ್ಷೇತ್ರ ಜೇವರ್ಗಿಯೇ ಆಗಿತ್ತೆಂಬುದನ್ನು ನೆನೆದರೆ, ಅಧಿಕಾರ ಸಮೀಪವಿದ್ದ ಮಾತ್ರಕ್ಕೆ ಶಾಲೆ ಸುಧಾರಿಸದೆಂಬುದು ಮನವರಿಕೆಯಾಗುತ್ತದೆ.

ಈ ಭಾಗದ ಜನಪ್ರತಿನಿಧಿಗಳ ಪೈಕಿ ಶಿಕ್ಷಣ ಮತ್ತು ತರಬೇತಿ ಎರಡರೊಡನೆಯೂ ದೀರ್ಘಕಾಲದ ಸಂಬಂಧವಿದ್ದವರು ಮಲ್ಲಿಕಾರ್ಜುನ ಖರ್ಗೆ. 1972ರಲ್ಲಿ ಗುರುಮಠಕಲ್‌ನಿಂದ ವಿಧಾನಸಭೆಗೆ ಆಯ್ಕೆಯಾದ ಅವರು 1976ರಲ್ಲಿ ದೇವರಾಜ ಅರಸು ಸಂಪುಟದಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾದರು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮೀಸಲಾಗಿ ಬಾಕಿ ಉಳಿದಿದ್ದ ಶಿಕ್ಷಕ ಹುದ್ದೆಗಳನ್ನು ತುಂಬಿದ್ದು ಅವರ ಅಂದಿನ ಮುಖ್ಯ ಕೆಲಸವೆಂದು ಪ್ರಕಟಿತ ಪರಿಚಯಗಳು ಹೇಳುತ್ತವೆ. 2009ರಲ್ಲಿ ಗುಲಬರ್ಗಾ ಲೋಕಸಭಾ ಕ್ಷೇತ್ರದಿಂದ ಗೆದ್ದು 2013ರವರೆಗೆ ಕೇಂದ್ರದ ಕಾರ್ಮಿಕ ಮತ್ತು ಉದ್ಯೋಗ ಸಚಿವರಾಗಿದ್ದಾಗ ದೇಶದ ಐ.ಟಿ.ಐ. ವ್ಯವಸ್ಥೆಯು ಅದೇ ಸಚಿವಾಲಯದ ಅಧೀನದಲ್ಲಿತ್ತು. ಆ ಅವಧಿಯಲ್ಲೇ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂದಿತು. ವೈಜನಾಥ ಪಾಟೀಲ ಮೊದಲಾದವರು ವರ್ಷಗಟ್ಟಲೆ ಹೋರಾಡಿದ್ದ, ಕೇಂದ್ರವು ಒಮ್ಮೆ ತಿರಸ್ಕರಿಸಿಯೂ ಇದ್ದ ಬೇಡಿಕೆಯಿದು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು.

ಈ ವಿಧಿಯ ಪಠ್ಯವನ್ನು ಉದ್ಯಮಿಗಳು ಗಮನವಿಟ್ಟು ಓದುವುದು ಒಳಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮತ್ತು ಸರ್ಕಾರಿ ಹುದ್ದೆಗಳ ವಿಷಯ ಎಲ್ಲರಿಗೂ ತಿಳಿದಿದೆ. ಶಿಕ್ಷಣ ಸಂಸ್ಥೆಗಳ ಜೊತೆಯಲ್ಲಿಯೇ ‘ವೃತ್ತಿ ತರಬೇತಿ ಸಂಸ್ಥೆ’ಗಳಲ್ಲಿಯೂ ಸ್ಥಳೀಯರಿಗೆ ಸ್ಥಾನ ಕಾದಿರಿಸಬಹುದೆಂದು ಅಲ್ಲಿ ಹೇಳಿರುವುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. 2013ರ ಆದೇಶಗಳಂತೆ ಈ ಭಾಗದ ಸಂಸ್ಥೆಗಳಲ್ಲಿ ಶೇ. 70ರಷ್ಟು ಸ್ಥಾನ ಸ್ಥಳೀಯರಿಗೆ ದೊರೆಯಿತು. ಸ್ಥಳೀಯ ವೃಂದದ ಸರ್ಕಾರಿ ಹುದ್ದೆಗಳಲ್ಲಿ ‘ಸಿ’ ದರ್ಜೆಗೆ ಶೇ. 80, ‘ಡಿ’ ದರ್ಜೆಗೆ ಶೇ. 85 ಮೀಸಲಾಯಿತು. ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಪಡೆದ ಕುಟುಂಬಗಳಿಗೆ ಇದರ ಬೆಲೆ ಗೊತ್ತು. ಆದರೆ ಮೀಸಲಾತಿಯು ಇರುವ ಸ್ಥಾನವನ್ನು ಹಂಚುತ್ತದೆಯೇ ಹೊರತು ಹೊಸ ಕೌಶಲವನ್ನು ಸೃಷ್ಟಿಸುವುದಿಲ್ಲ. ಖಾಸಗಿ ಮಿಲ್ಲಿನ ಖಾಲಿ ಜಾಗ ಇದರ ವ್ಯಾಪ್ತಿಗೆ ಬರುವುದೂ ಇಲ್ಲ. ಸರ್ಕಾರಿ ನೇಮಕಾತಿಯ ಪರೀಕ್ಷೆಗಾಗಿ ನಗರದ ಬಾಡಿಗೆ ಕೋಣೆಗಳಲ್ಲಿ ವರ್ಷಗಳನ್ನು ಕಳೆಯುವ ಪದವೀಧರರನ್ನು ಕಂಡರೆ, ಆಸೆಯೆಲ್ಲ ಒಂದೇ ಬಾಗಿಲಿನ ಮುಂದೆ ಸಾಲುಗಟ್ಟಿರುವುದು ಎದ್ದು ಕಾಣುತ್ತದೆ.

ತರಬೇತಿಯ ಬಾಗಿಲಿನ ಕೀಲಿಕೈ ಮಾತ್ರ ಅರ್ಧದಷ್ಟು ಉದ್ಯಮಿಗಳ ಕೈಯಲ್ಲಿಯೇ ಇದೆ. 2007-08ರಲ್ಲಿ ಆರಂಭವಾದ ಕೇಂದ್ರ ಯೋಜನೆಯೊಂದು 1,396 ಸರ್ಕಾರಿ ಐ.ಟಿ.ಐ.ಗಳನ್ನು ಉದ್ಯಮಗಳ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ ಗುರಿ ಹೊಂದಿತ್ತು. ಪ್ರತಿ ಸಂಸ್ಥೆಗೆ 2.5 ಕೋಟಿ ರೂಪಾಯಿವರೆಗೆ ಬಡ್ಡಿರಹಿತ ಸಾಲ. ಮೊದಲ ಹತ್ತು ವರ್ಷ ಮರುಪಾವತಿಯಿಲ್ಲ, ಅನಂತರ ಇಪ್ಪತ್ತು ವರ್ಷಗಳ ಸಮಾನ ಕಂತು. ಈ ಹಣವನ್ನು ಬಳಸುವ ಅಧಿಕಾರವಿದ್ದುದು ಸಂಸ್ಥೆಯ ವ್ಯವಸ್ಥಾಪನಾ ಸಮಿತಿಗೆ. ಅದರ ಅಧ್ಯಕ್ಷ ಸ್ಥಾನ ಉದ್ಯಮದ ಪ್ರತಿನಿಧಿಗೆ. ಪ್ರಾಚಾರ್ಯರು ಸದಸ್ಯ ಕಾರ್ಯದರ್ಶಿ. ಶೇ. 20ರವರೆಗಿನ ಪ್ರವೇಶವನ್ನು ನಿರ್ಧರಿಸುವ ಅವಕಾಶವೂ ಸಮಿತಿಗಿತ್ತು. ಬಡ್ಡಿಯಿಲ್ಲದೆ ಎರಡೂವರೆ ಕೋಟಿ ಮತ್ತು ಹತ್ತು ವರ್ಷದ ಬಿಡುವು ಎಂದರೆ ಯಾವ ವ್ಯಾಪಾರಿಯೂ ಎದ್ದು ಕುಳಿತುಕೊಳ್ಳಬೇಕಾದ ಷರತ್ತು! ಸಭೆಗೆ ಬಂದು ಚಹಾ ಕುಡಿದು ಸಹಿ ಹಾಕುವ ಅಧ್ಯಕ್ಷನಿಂದ ಮಾತ್ರ ಅದರ ಪ್ರಯೋಜನವಾಗದು. ಯಾವ ಲೇತ್ ಬೇಕು, ಯಾವ ವೃತ್ತಿಗೆ ಬೇಡಿಕೆಯಿಲ್ಲ ಎಂದು ಹೇಳಬಲ್ಲವನು ಕಾರ್ಖಾನೆ ನಡೆಸುವವನೇ.

ಈಚಿನ ಯೋಜನೆಗಳಲ್ಲಿಯೂ ಇದೇ ತತ್ತ್ವ ಮುಂದುವರಿದಿದೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಸುಮಾರು 4,700 ಕೋಟಿ ರೂ. ವೆಚ್ಚದಲ್ಲಿ ಆಧುನೀಕರಿಸಿದ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳು 2022ರ ಜೂನ್‌ನಲ್ಲಿ ಲೋಕಾರ್ಪಣೆಗೊಂಡವು. 2025ರಲ್ಲಿ ಕೇಂದ್ರ ಸಂಪುಟ ಒಪ್ಪಿದ 60,000 ಕೋಟಿ ರೂ.ಗಳ ಯೋಜನೆಯಲ್ಲಿ ಉದ್ಯಮಗಳ ಪಾಲನ್ನೇ 10,000 ಕೋಟಿ ಎಂದು ಲೆಕ್ಕ ಹಿಡಿಯಲಾಗಿದೆ.

ಸಣ್ಣ ಘಟಕಗಳಿಗೆ ಇದಕ್ಕಿಂತ ಹತ್ತಿರದ ದಾರಿ 1961ರ ಅಪ್ರೆಂಟಿಸ್ ಕಾಯಿದೆ. 2019ರ ನಿಯಮ ತಿದ್ದುಪಡಿಯ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿದ್ದರೆ ಐಚ್ಛಿಕ. ಗುತ್ತಿಗೆಯವರೂ ಸೇರಿ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರವರೆಗೆ ಇದರ ಮಿತಿ. ನಲವತ್ತು ಜನರ ದಾಲ್‌ಮಿಲ್ಲಿಗೆ ಲೆಕ್ಕ ಹಾಕಿದರೆ ಕನಿಷ್ಠ ಒಬ್ಬ, ಗರಿಷ್ಠ ಆರು ಮಂದಿ. 2019ರಲ್ಲಿ ನಿಗದಿಯಾದ ಪ್ರಮಾಣದಂತೆ ಐ.ಟಿ.ಐ. ಮುಗಿಸಿದವನಿಗೆ ತಿಂಗಳಿಗೆ ಕನಿಷ್ಠ 7,000 ರೂ. ಶಿಷ್ಯವೇತನ, 2016ರ ರಾಷ್ಟ್ರೀಯ ಉತ್ತೇಜನ ಯೋಜನೆಯಡಿ ಅದರ ಶೇ. 25ನ್ನು, 1,500 ರೂ. ಮೀರದಂತೆ, ಕೇಂದ್ರ ಭರಿಸುವ ವ್ಯವಸ್ಥೆಯಿದೆ. ಅಂದರೆ ಮಾಲೀಕನ ಕೈಯಿಂದ ಹೋಗುವುದು 5,500. ಅಪ್ರೆಂಟಿಸ್ ಕಾಯಿದೆಯ ಕಣ್ಣಲ್ಲಿ ಕಾರ್ಮಿಕನಲ್ಲ, ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಬಂಧನವೂ ಸಾಮಾನ್ಯವಾಗಿಲ್ಲ. ಆದರೆ ಸುರಕ್ಷತೆಯ ಹೊಣೆ ಪೂರ್ಣವಾಗಿ ಮಾಲೀಕನದು. ಕಲಿಸುವ ಹೊಣೆಯೂ ಅವನದೇ. ಚೀಲ ಹೊರಿಸಲು, ಅಂಗಳ ಗುಡಿಸಲು ಅಗ್ಗದ ಆಳೆಂದು ಅವನನ್ನು ಬಳಸಿದ ಮಿಲ್ಲಿಗೆ ವರ್ಷದ ಕೊನೆಗೆ ಫಿಟ್ಟರ್ ದೊರೆಯುವುದಿಲ್ಲ, ದೂರು ದೊರೆಯುತ್ತದೆ.

ಶಾಲೆಯ ಕಡೆಗೂ ಹಣ ಹರಿಯತೊಡಗಿದೆ. 2023ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಾದ ಜೇವರ್ಗಿ ಶಾಸಕ ಡಾ. ಅಜಯ್ ಧರ್ಮಸಿಂಗ್ ಅವರ ಅವಧಿಯಲ್ಲಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಮಂಡಳಿಯ ಅನುದಾನದ ಶೇ. 25ನ್ನು ಶಿಕ್ಷಣಕ್ಕೆ ಮುಡಿಪಿಡುವ ಕ್ರಮ ಬಂದಿದೆ. ಆದ್ಯತೆ ಸರಿಯಾದುದೇ. 2025ರ ಫಲಿತಾಂಶವನ್ನು ಎದುರಿಗಿಟ್ಟು ನೋಡಿದರೆ ಕೋಣೆ ಕಟ್ಟಿದಷ್ಟು ಬೇಗ ಕಲಿಕೆ ಏರದೆಂಬುದೂ ಅಷ್ಟೇ ಸ್ಪಷ್ಟ. ಗಣಿತ, ವಿಜ್ಞಾನಗಳ ಶಿಕ್ಷಕರಿಲ್ಲದ ಪ್ರೌಢಶಾಲೆಗೆ ಹೊಸ ಕೋಣೆ ಎಷ್ಟರ ನೆರವು?

ಸಂಘದ ಸದಸ್ಯರು ವಾರ್ಷಿಕ ಲೆಕ್ಕಾಚಾರದಲ್ಲಿ ಗಮನಿಸಬೇಕಾದ ಕಾಲಸೂಚಿಯೊಂದಿದೆ. ಹತ್ತನೆಯ ತರಗತಿಯ ಫಲಿತಾಂಶದ ಬೆನ್ನಿಗೇ ಐ.ಟಿ.ಐ. ಪ್ರವೇಶ ಆರಂಭವಾಗುತ್ತದೆ, ತಮಗೆ ಬೇಕಾದ ವೃತ್ತಿ ಯಾವುದೆಂದು ಪ್ರಾಚಾರ್ಯರಿಗೆ ತಿಳಿಸಲು ಅದಕ್ಕಿಂತ ಮುಂಚಿನ ಎರಡು ತಿಂಗಳೇ ಸಕಾಲ. ಆಗಸ್ಟ್‌ನಲ್ಲಿ ವೆಲ್ಡರ್ ವೃತ್ತಿಗೆ ಸೇರಿದವನು ಮರುವರ್ಷದ ಜುಲೈ ಹೊತ್ತಿಗೆ ತರಬೇತಿ ಮುಗಿಸುತ್ತಾನೆ. ಕಬ್ಬು ನುರಿಸುವ ಹಂಗಾಮಿಗೆ ಆಗ ಇನ್ನೂ ಮೂರು ತಿಂಗಳಿರುತ್ತದೆ, ಹೊಸ ತೊಗರಿ ಮಾರುಕಟ್ಟೆಗೆ ಬರಲು ಐದು.